ಸೌತೆಗೆ ಮಜ್ಜಿಗೆ ಫಲಿಸಿತು, ತೊಗರಿಗೆ ಕಷಾಯ ಏಕೆ ಫಲಿಸಲಿಲ್ಲ?

ಪ್ರಶ್ನೆ: ನಮ್ಮದು ಕಲಬುರಗಿ ಜಿಲ್ಲೆಯ ಚಿತ್ತಾಪುರ ತಾಲ್ಲೂಕು. ಏಳು ಎಕರೆ ಎರೆ ಭೂಮಿ ಇದೆ. ಐದು ಎಕರೆಯಲ್ಲಿ ಆರು ವರ್ಷಗಳಿಂದ ಬರೀ ತೊಗರಿ. ಉಳಿದ ಎರಡು ಎಕರೆಗೆ ಬೋರ್‌ವೆಲ್ ನೀರಿದ್ದು, ಅಲ್ಲಿ ಮೆಣಸಿನಕಾಯಿ, ಸೌತೆ, ಸ್ವಲ್ಪ ತರಕಾರಿ ಬೆಳೆಯುತ್ತೇವೆ. ಮನೆಯಲ್ಲಿ ಇಬ್ಬರು ಸಣ್ಣ ಮಕ್ಕಳಿದ್ದಾರೆ. ರಾಸಾಯನಿಕ ಔಷಧಿ ಬಿಡಬೇಕೆಂದು ಎರಡು ವರ್ಷಗಳಿಂದ ಪ್ರಯತ್ನಿಸುತ್ತಿದ್ದೇನೆ. ಹೋದ ವರ್ಷ ಸೌತೆ ಎಲೆಗೆ ಬೂದಿ ರೋಗ ಬಂದಾಗ ಹುಳಿ ಮಜ್ಜಿಗೆ ಸಿಂಪಡಿಸಿದೆ, ಹತ್ತು ದಿನಗಳಲ್ಲಿ ಹತೋಟಿಗೆ ಬಂತು. ಅದೇ ಮಜ್ಜಿಗೆಯನ್ನು ಮೆಣಸಿನ ಬೂದಿ ರೋಗಕ್ಕೆ ಹೊಡೆದರೆ ಏನೂ ಆಗಲಿಲ್ಲ, ಎಲೆಗಳೆಲ್ಲ ಉದುರಿದವು. ತೊಗರಿ ಹೂವಾಡುವ ಹೊತ್ತಿಗೆ ಅಲ್ಲಲ್ಲಿ ಗುಂಪು ಗುಂಪಾಗಿ ಒಣಗತೊಡಗಿತು. ಬೆಳ್ಳುಳ್ಳಿ, ಶುಂಠಿ, ಹಸಿಮೆಣಸಿನಕಾಯಿ, ಬೇವಿನೆಲೆಗಳನ್ನು ಗೋಮೂತ್ರದಲ್ಲಿ ಕುದಿಸಿದ ಕಷಾಯವನ್ನು ನಾಲ್ಕು ಸಲ ಹೊಡೆದೆ. ಟ್ರೈಕೋಡರ್ಮಾ ಎಂಬ ಜೈವಿಕ ಪುಡಿ ತಂದು, ಯಾರೋ ಹೇಳಿದರೆಂದು ಅದಕ್ಕೆ ಕಾರ್ಬೆಂಡಜಿಂ ಎಂಬ ರಾಸಾಯನಿಕ ಶಿಲೀಂಧ್ರನಾಶಕ ಬೆರೆಸಿ ಬುಡಕ್ಕೂ ಹಾಕಿದೆ. ಕೊನೆಗೆ ಎರಡು ಎಕರೆ ತೊಗರಿ ಕೈಬಿಟ್ಟಿತು. ಅಂಗಡಿಯಲ್ಲಿ ಕೇಳಿದರೆ ‘ನೈಸರ್ಗಿಕ ಅನ್ನುವುದೆಲ್ಲ ಸುಮ್ಮನೆ’ ಎನ್ನುತ್ತಾರೆ. ಸಾವಯವದವರು ‘ನಂಬಿಕೆಯಿಟ್ಟು ಮೂರು ವರ್ಷ ಮಾಡಿ’ ಎನ್ನುತ್ತಾರೆ. ನಮ್ಮ ಅಪ್ಪ ‘ಜೋಳದ ಸಾಲು ಹಾಕುತ್ತಿದ್ದಾಗ ಈ ರೋಗ ಇಷ್ಟಿರಲಿಲ್ಲ’ ಎನ್ನುತ್ತಾರೆ. ಯಾರ ಮಾತು ನಿಜ? ಈ ಸಲ ಬಿತ್ತುವ ಮೊದಲು ನಾನೇನು ಮಾಡಬೇಕು?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮಜ್ಜಿಗೆ ಫಲಿಸಿದವರು ಅದನ್ನು ಊರಿಗೆಲ್ಲ ಹೇಳುತ್ತಾರೆ, ಫಲಿಸದವರು ಮುಂದಿನ ಸಲ ಸದ್ದಿಲ್ಲದೆ ಅಂಗಡಿಯ ಔಷಧಿಗೆ ಹೋಗುತ್ತಾರೆ. ನೀವು ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಕೇಳಿದ್ದೀರಿ. ಒಂದೇ ಕೈ, ಒಂದೇ ಪಂಪು, ಒಂದೇ ಮಜ್ಜಿಗೆ. ಸೌತೆಯಲ್ಲಿ ಗೆಲುವು, ಮೆಣಸಿನಲ್ಲಿ ಸೋಲು. ಇದಕ್ಕೆ ಸಿಗುವ ಉತ್ತರದಲ್ಲೇ ನಿಮ್ಮ ತೊಗರಿಯ ಉತ್ತರವೂ ಇದೆ.

ಮೊದಲು ಒಂದು ಮಾತು. ನೀವು ನಂಬಿಕೆಯಿಲ್ಲದೆ ಮಾಡಿದ್ದರಿಂದ ಎರಡು ಎಕರೆ ಹೋಗಲಿಲ್ಲ. ಆ ಹೊತ್ತಿಗೆ ಯಾವ ನೈಸರ್ಗಿಕ ವಸ್ತುವಿಗೂ, ಯಾವ ರಾಸಾಯನಿಕಕ್ಕೂ ಆ ಗಿಡಗಳನ್ನು ಉಳಿಸುವ ಶಕ್ತಿ ಇರಲಿಲ್ಲ. ಹೂವಾಡುವಾಗ ಒಣಗಿದ ತೊಗರಿಗೆ ನಾಲ್ಕು ಸಲ ಕಷಾಯ ಹೊಡೆದದ್ದು, ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ ಆಯಿತು. ತಪ್ಪಿದ್ದು ಕಾಲ ಮತ್ತು ಜಾಗ.

ಶಿಲೀಂಧ್ರ ರೋಗ ಬಂದಾಗ ‘ಯಾವ ಔಷಧಿ ಹೊಡೆಯಲಿ’ ಎಂಬುದು ಎಲ್ಲರ ಮೊದಲ ಪ್ರಶ್ನೆ. ನಾನು ಸಸ್ಯರೋಗದ ಕೆಲಸದಲ್ಲಿ ಈ ಭಾಗದ ಹೊಲಗಳನ್ನು ಸುತ್ತುತ್ತಾ ಕಲಿತದ್ದೇನೆಂದರೆ, ಅದಕ್ಕೂ ಮೊದಲು ಕೇಳಬೇಕಾದದ್ದು ‘ಈ ರೋಗದ ಮನೆ ಎಲ್ಲಿದೆ’ ಎಂದು. ಎಲೆಯ ಹೊರಗಿದೆಯೇ, ಎಲೆಯ ಒಳಗಿದೆಯೇ, ಮಣ್ಣಿನಲ್ಲಿದ್ದು ಬೇರಿನಿಂದ ಏರುತ್ತದೆಯೇ?

ಸೌತೆಯ ಬೂದಿ ರೋಗ ಎಲೆಯ ಮೇಲೆಯೇ ಬದುಕುತ್ತದೆ. ನೀವು ಕಂಡ ಬಿಳಿ ಪುಡಿಯೇ ಆ ಶಿಲೀಂಧ್ರದ ಮೈ. ಅದು ಎಲೆಯ ಹೊರಪದರದ ಕೋಶಗಳಿಗೆ ಸಣ್ಣ ಹೀರುಕೊಳವೆಗಳನ್ನು ಇಳಿಬಿಟ್ಟು ಆಹಾರ ಎಳೆದುಕೊಳ್ಳುತ್ತದೆ, ಉಳಿದಂತೆ ಅದರ ದೇಹವೆಲ್ಲ ಬಯಲಿನಲ್ಲಿದೆ. ಹಾಗಾಗಿ ಎಲೆಯ ಮೇಲೆ ಬಿದ್ದದ್ದು ನೇರವಾಗಿ ಅದರ ಮೇಲೆಯೇ ಬೀಳುತ್ತದೆ. ಹಾಲು ಬೂದಿ ರೋಗವನ್ನು ತಡೆಯುತ್ತದೆ ಎಂಬುದು ಬರೀ ಅಜ್ಜಿಯ ಮಾತಲ್ಲ. 1999ರಲ್ಲಿ ಬ್ರೆಜಿಲ್‌ನಿಂದ ಪ್ರಕಟವಾದ ಅಧ್ಯಯನವೊಂದು ಸೌತೆ, ಕುಂಬಳದ ಜಾತಿಗೇ ಸೇರಿದ ತರಕಾರಿ ಬೆಳೆಯಲ್ಲಿ ನೀರು ಬೆರೆಸಿದ ಹಸುವಿನ ಹಾಲು ಬೂದಿ ರೋಗವನ್ನು ಚೆನ್ನಾಗಿ ತಗ್ಗಿಸಿದ್ದನ್ನು ತೋರಿಸಿತು. ಆಮೇಲೆ ಬೇರೆ ದೇಶಗಳಲ್ಲಿ ದ್ರಾಕ್ಷಿಯ ಮೇಲೂ ಪರೀಕ್ಷೆಗಳು ನಡೆದವು. ಮಜ್ಜಿಗೆಯಲ್ಲಿ ಹುಳಿಯ ಆಮ್ಲವೂ ಜೀವಂತ ಬ್ಯಾಕ್ಟೀರಿಯಾಗಳೂ ಸೇರಿರುತ್ತವೆ.

ಮೆಣಸಿನಕಾಯಿಗೆ ಬರುವುದನ್ನೂ ನಾವು ಬೂದಿ ರೋಗವೆಂದೇ ಕರೆಯುತ್ತೇವೆ. ಆದರೆ ಅದು ಬೇರೆ ಶಿಲೀಂಧ್ರ, ಅದರ ಸ್ವಭಾವವೂ ಬೇರೆ. ಲೆವೆಯಿಲ್ಲುಲಾ ಟೌರಿಕಾ ಎಂಬ ಈ ಶಿಲೀಂಧ್ರ ಎಲೆಯ ಒಳಕ್ಕೆ ನುಗ್ಗಿ, ಅಂಗಾಂಶದ ನಡುವೆ ಹಬ್ಬಿ, ಬೀಜಕಣಗಳನ್ನು ಹೊರಬಿಡಲು ಮಾತ್ರ ಎಲೆಯ ಅಡಿಭಾಗಕ್ಕೆ ಬರುತ್ತದೆ. ಎಲೆಯ ಮೇಲ್ಭಾಗದಲ್ಲಿ ಹಳದಿ ಮಚ್ಚೆ, ತಿರುಗಿಸಿ ನೋಡಿದರೆ ಬಿಳಿ ಪುಡಿ, ಕೆಲವೇ ದಿನಗಳಲ್ಲಿ ಎಲೆ ಉದುರುವುದು, ಇದೇ ಅದರ ಗುರುತು. ಬಿಳಿ ಪುಡಿ ನಿಮ್ಮ ಕಣ್ಣಿಗೆ ಬೀಳುವ ಹೊತ್ತಿಗೆ ಶಿಲೀಂಧ್ರ ಒಳಗೆ ಸಂಸಾರ ಹೂಡಿ ಬಹಳ ದಿನಗಳಾಗಿರುತ್ತವೆ. ಹೊರಗೆ ಹೊಡೆದ ಮಜ್ಜಿಗೆ ಅದನ್ನು ಮುಟ್ಟುವುದೇ ಇಲ್ಲ. ಸುರಪುರ, ಶಹಾಪುರದ ಕಡೆ ಮೆಣಸಿನಕಾಯಿ ಬೆಳೆಯುವವರೂ ನನಗೆ ಇದೇ ದೂರನ್ನು ಹೇಳಿದ್ದಾರೆ. ಮಜ್ಜಿಗೆ ಕೆಟ್ಟದ್ದೂ ಅಲ್ಲ, ಅವರು ಮಾಡಿದ ವಿಧಾನ ತಪ್ಪೂ ಅಲ್ಲ. ಹೆಸರು ಒಂದಾದ ಮಾತ್ರಕ್ಕೆ ರೋಗ ಒಂದಾಗುವುದಿಲ್ಲ, ಅಷ್ಟೇ.

ಈಗ ತೊಗರಿ. ಇಲ್ಲಿ ಸ್ವಲ್ಪ ನಿಧಾನಿಸಬೇಕು, ಏಕೆಂದರೆ ನಿಮ್ಮ ಬದುಕು ನಿಂತಿರುವುದು ಇದರ ಮೇಲೆ.

ನಮ್ಮ ಕಡೆ ತೊಗರಿ ಒಣಗಿದರೆ ಎಲ್ಲಕ್ಕೂ ‘ನೆಟೆ ರೋಗ’ ಎನ್ನುತ್ತೇವೆ. 2022ರ ಹಂಗಾಮಿನಲ್ಲಿ ಕಲಬುರಗಿ ಜಿಲ್ಲೆಯಲ್ಲಿ ಹೊಲ ಹೊಲವೇ ಒಣಗಿದ್ದನ್ನು ನೀವೂ ಕಂಡಿದ್ದೀರಿ. ಆದರೆ ಆ ಒಂದು ಹೆಸರಿನ ಹಿಂದೆ ಕನಿಷ್ಠ ಮೂರು ಬೇರೆ ಬೇರೆ ರೋಗಗಳು ಅಡಗಿರುತ್ತವೆ, ಮೂರಕ್ಕೂ ದಾರಿ ಬೇರೆ.

ಮೊದಲನೆಯದು ನಿಜವಾದ ಸೊರಗು ರೋಗ. ಫ್ಯುಸೇರಿಯಂ ಉಡಮ್ ಎಂಬ ಶಿಲೀಂಧ್ರ ಇದಕ್ಕೆ ಕಾರಣ. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲೇ ಬಟ್ಲರ್ ಎಂಬ ಸಸ್ಯರೋಗ ತಜ್ಞರು ನಮ್ಮ ದೇಶದಲ್ಲಿ ಇದನ್ನು ಗುರುತಿಸಿ ಬರೆದಿದ್ದರು. ಅಂದರೆ ರೋಗ ಹೊಸದಲ್ಲ, ರಾಸಾಯನಿಕ ಗೊಬ್ಬರ ಹಾಕತೊಡಗಿದ ಮೇಲೆ ಬಂದದ್ದೂ ಅಲ್ಲ. ಇದು ಮಣ್ಣಿನಲ್ಲಿ, ಹಿಂದಿನ ಬೆಳೆಯ ಬೇರು, ಕೂಳೆಯ ಚೂರುಗಳಲ್ಲಿ ಸುಮಾರು ಮೂರು ವರ್ಷ ಬದುಕಿರಬಲ್ಲದು. ಹೊಸ ತೊಗರಿಯ ಎಳೆಯ ಬೇರು ಹತ್ತಿರ ಬಂದಾಗ ಅದರೊಳಗೆ ಸೇರಿ, ನೀರು ಸಾಗುವ ನಾಳಗಳಲ್ಲಿ ಮೆಲ್ಲಗೆ ಮೇಲೇರುತ್ತದೆ. ಗಿಡ ಸಣ್ಣದಿರುವಾಗ ಬೇಕಾಗುವ ನೀರು ಕಡಿಮೆ, ಹಾಗಾಗಿ ಏನೂ ತೋರುವುದಿಲ್ಲ. ಹೂವಾಡಿ ಕಾಯಿ ಕಟ್ಟುವಾಗ ನೀರಿನ ಬೇಡಿಕೆ ಏರುತ್ತದೆ, ಅದೇ ಹೊತ್ತಿಗೆ ಮಳೆ ಹಿಂದೆ ಸರಿಯುತ್ತದೆ, ನಾಳಗಳು ಅಷ್ಟರಲ್ಲಿ ಕಟ್ಟಿಕೊಂಡಿರುತ್ತವೆ. ನಿಂತ ನಿಲುವಿನಲ್ಲೇ ಗಿಡ ಸೊರಗುತ್ತದೆ. ನೀವು ಅಕ್ಟೋಬರ್‌ನಲ್ಲಿ ಕಂಡ ಸಾವು ಜುಲೈನಲ್ಲಿ ಆರಂಭವಾದದ್ದು.

ಎರಡನೆಯದು ಫೈಟೊಫ್ತೊರಾ ಅಂಗಮಾರಿ. ಮಳೆ ಜೋರಾಗಿ ಸುರಿದು ನೀರು ನಿಂತ ತಗ್ಗಿನಲ್ಲಿ, ಹೆಚ್ಚಾಗಿ ಗಿಡ ಇನ್ನೂ ಎಳೆಯದಿರುವಾಗಲೇ ಬರುತ್ತದೆ. ಕಾಂಡದ ಮೇಲೆ ಕಂದು ಬಣ್ಣದ ಒಳತಗ್ಗಿದ ಗಾಯ, ಗಾಳಿ ಬಂದರೆ ಅಲ್ಲಿಗೇ ಮುರಿಯುವ ಗಿಡ. ಇದು ಲೆಕ್ಕಕ್ಕೆ ನಿಜವಾದ ಶಿಲೀಂಧ್ರವೂ ಅಲ್ಲ, ನೀರಿನಲ್ಲಿ ಈಜಬಲ್ಲ ಕಣಗಳನ್ನು ಬಿಡುವ ಬೇರೆಯೇ ಜೀವಿ. ಕಾರ್ಬೆಂಡಜಿಂ ಇದಕ್ಕೆ ಕೆಲಸ ಮಾಡುವುದೇ ಇಲ್ಲ. ಎಷ್ಟೋ ರೈತರು ಇದಕ್ಕೆ ಅದನ್ನೇ ಸುರಿದು ಹಣ ಕಳೆದುಕೊಂಡಿದ್ದನ್ನು ಕಂಡಿದ್ದೇನೆ.

ಮೂರನೆಯದು ಒಣ ಬೇರು ಕೊಳೆ. ಬಿಸಿಲು ಹೆಚ್ಚಿ ತೇವ ಕಡಿಮೆಯಾದಾಗ ಏಳುತ್ತದೆ. ಬೇರು ಕಿತ್ತರೆ ಪಟ್ಟೆಂದು ಮುರಿಯುತ್ತದೆ. ಸಿಪ್ಪೆ ಸುಲಿದರೆ ಇದ್ದಿಲ ಪುಡಿ ಉದುರಿಸಿದಂತೆ ಕಪ್ಪು ಚುಕ್ಕೆಗಳು ಕಾಣುತ್ತವೆ.

ನೀವು ಬರೆದ ಲಕ್ಷಣ, ಅಂದರೆ ಹೂವಾಡುವಾಗ ಗುಂಪು ಗುಂಪಾಗಿ ಒಣಗಿದ್ದು, ಆರು ವರ್ಷ ಅದೇ ಹೊಲದಲ್ಲಿ ತೊಗರಿ ಬಿತ್ತಿದ್ದು, ಎರಡೂ ಮೊದಲನೆಯದರತ್ತ ಬೆರಳು ತೋರುತ್ತವೆ. ಆದರೂ ಖಚಿತಪಡಿಸಿಕೊಳ್ಳಿ. ಹೋದ ವರ್ಷದ ತೊಗರಿ ಕಟ್ಟಿಗೆಯನ್ನು ಉರುವಲಿಗೆಂದು ಇಟ್ಟಿದ್ದರೆ, ಅಥವಾ ಹೊಲದಲ್ಲಿ ಕೂಳೆ ಉಳಿದಿದ್ದರೆ, ಬುಡದ ಭಾಗವನ್ನು ಕತ್ತಿಯಿಂದ ಉದ್ದಕ್ಕೆ ಸೀಳಿ. ಒಳಗೆ ಕಂದು ಅಥವಾ ಕಪ್ಪು ಗೀಟುಗಳು ಮೇಲಕ್ಕೆ ಓಡಿದ್ದರೆ ಅದು ಸೊರಗು ರೋಗ. ಹಸಿ ಗಿಡದಲ್ಲಾದರೆ ನೆಲದಿಂದ ಮೇಲಕ್ಕೆ ಕಾಂಡದ ಒಂದು ಬದಿಯಲ್ಲಿ ನೇರಳೆ ಕಂದು ಪಟ್ಟಿ ಏರಿರುವುದೂ ಕಾಣುತ್ತದೆ.

ಇಂಥ ಗಿಡದ ಎಲೆಗೆ ಕಷಾಯ ಹೊಡೆದರೆ ಅದು ನಾಳಕ್ಕೆ ಇಳಿಯುವುದಿಲ್ಲ. ಎಲೆಯ ಮೇಲೆ ಒಣಗಿ ಮುಗಿಯುತ್ತದೆ. ನಿಮ್ಮ ಕಷಾಯದಲ್ಲಿ ಇನ್ನೊಂದು ತೊಡಕೂ ಇತ್ತು, ಅದನ್ನು ಹೇಳಲೇಬೇಕು. ಬೆಳ್ಳುಳ್ಳಿಯ ಶಿಲೀಂಧ್ರನಾಶಕ ಗುಣ ಮುಖ್ಯವಾಗಿ ಅಲಿಸಿನ್ ಎಂಬ ವಸ್ತುವಿನಲ್ಲಿದೆ. ಅದು ಇಡೀ ಎಸಳಿನಲ್ಲಿ ಇರುವುದಿಲ್ಲ. ಎಸಳನ್ನು ಜಜ್ಜಿದಾಗ ಒಳಗಿನ ಕಿಣ್ವವೊಂದು ಬೇರೆ ವಸ್ತುವಿನೊಡನೆ ಸೇರಿ ಅಲ್ಲೇ ಅಲಿಸಿನ್ ಹುಟ್ಟುತ್ತದೆ. ಜಜ್ಜಿದ ತಕ್ಷಣ ಮೂಗಿಗೆ ಹೊಡೆಯುವ ಘಾಟು ಅದರದೇ. ಕುದಿಸಿದರೆ ಆ ಕಿಣ್ವ ಸಾಯುತ್ತದೆ, ಅಲಿಸಿನ್ ಕೂಡ ಬಿಸಿಗೆ ಉಳಿಯುವುದಿಲ್ಲ. ಹಾಗಾಗಿ ಬೆಳ್ಳುಳ್ಳಿಯನ್ನು ಬಳಸುವುದಾದರೆ ತಣ್ಣಗೆ ಜಜ್ಜಿ, ಹತ್ತು ಹದಿನೈದು ನಿಮಿಷ ಬಿಟ್ಟು, ನೀರಿನಲ್ಲಿ ಕಲಸಿ ಸೋಸಿ ಅಂದೇ ಸಂಜೆ ಸಿಂಪಡಿಸಬೇಕು. ವಾರಗಟ್ಟಲೆ ಡ್ರಮ್ಮಿನಲ್ಲಿ ಕೊಳೆಸಿಟ್ಟ ಬೆಳ್ಳುಳ್ಳಿಯಲ್ಲಿ ವಾಸನೆ ಉಳಿದಿರುತ್ತದೆ, ಆ ಗುಣ ಉಳಿದಿರುವುದಿಲ್ಲ. ಇಷ್ಟಾದರೂ ಅದರ ಬಳಕೆ ತರಕಾರಿಯ ಎಲೆ ರೋಗಗಳಿಗೆ, ಅದೂ ರೋಗ ಆರಂಭದಲ್ಲಿದ್ದಾಗ ಮಾತ್ರ.

ಟ್ರೈಕೋಡರ್ಮಾ ವಿಷಯದಲ್ಲಿ ನಿಮಗೆ ಸಿಕ್ಕ ಸಲಹೆ ನನಗೆ ನಿಜವಾಗಿ ಬೇಸರ ತಂದಿತು. ಟ್ರೈಕೋಡರ್ಮಾ ಒಂದು ಶಿಲೀಂಧ್ರ, ಜೀವಂತ ಶಿಲೀಂಧ್ರ. ಕಾರ್ಬೆಂಡಜಿಂ ಶಿಲೀಂಧ್ರನಾಶಕ. ಎರಡನ್ನೂ ಒಂದೇ ಬಕೆಟ್‌ನಲ್ಲಿ ಕಲಸಿದರೆ ಕಾರ್ಬೆಂಡಜಿಂ ಮೊದಲು ಕೊಲ್ಲುವುದು ಟ್ರೈಕೋಡರ್ಮಾವನ್ನೇ, ಏಕೆಂದರೆ ಅದು ಈ ರಾಸಾಯನಿಕಕ್ಕೆ ತೀರಾ ಸೂಕ್ಷ್ಮ. ನೀವು ಹಣ ಕೊಟ್ಟು ತಂದ ಕಾವಲುಗಾರನನ್ನು ಹೊಲದ ಬಾಗಿಲಲ್ಲೇ ಕೊಂದ ಹಾಗಾಯಿತು. ಟ್ರೈಕೋಡರ್ಮಾ ಗಿಡದ ಒಳಗೆ ಹೋಗಿ ರೋಗ ಗುಣಪಡಿಸುವ ಔಷಧಿಯಲ್ಲ. ಅದು ಬೇರಿನ ಸುತ್ತಲಿನ ಜಾಗವನ್ನು ಮೊದಲೇ ಹಿಡಿದುಕೊಂಡು, ರೋಗದ ಶಿಲೀಂಧ್ರಕ್ಕೆ ಆಹಾರ ಸಿಗದಂತೆ ಮಾಡಿ, ಸಿಕ್ಕಿದರೆ ಅದರ ಎಳೆಗಳನ್ನು ಸುತ್ತಿ ಕರಗಿಸಿ ತಿನ್ನುತ್ತದೆ. ಮೊದಲು ಬಂದವನಿಗೆ ಜಾಗ. ಹಾಗಾಗಿ ಅದರ ಕಾಲ ಬಿತ್ತುವ ಮೊದಲು ಮತ್ತು ಬಿತ್ತುವ ದಿನ. ಗಿಡ ಒಣಗಿದ ಮೇಲೆ ಅಲ್ಲ.

ನಮ್ಮ ಎರೆ ಮಣ್ಣಿಗೆ ಇನ್ನೊಂದು ತೊಂದರೆ ಇದೆ. ಟ್ರೈಕೋಡರ್ಮಾಕ್ಕೆ ಸ್ವಲ್ಪ ಹುಳಿ ಗುಣದ, ತೇವ ಇರುವ, ಕಳಿತ ಗೊಬ್ಬರ ಚೆನ್ನಾಗಿರುವ ಮಣ್ಣು ಇಷ್ಟ. ಇಲ್ಲಿನ ಮಣ್ಣು ಕ್ಷಾರದ ಕಡೆಗಿದೆ, ಸಾವಯವ ಅಂಶ ಕಡಿಮೆ. ಬರೀ ಪುಡಿಯನ್ನು ಒಣ ಹೊಲಕ್ಕೆ ಎರಚಿದರೆ ಮೇ ತಿಂಗಳ ಬಿಸಿಲಿಗೆ ಉಳಿಯುವುದು ಕಷ್ಟ. ಅದಕ್ಕೆ ಗೊಬ್ಬರದ ಆಸರೆ ಬೇಕು. ಎಕರೆಗೆ ಒಂದರಿಂದ ಎರಡು ಕೆ.ಜಿ. ಪುಡಿಯನ್ನು 100 ಕೆ.ಜಿ. ಚೆನ್ನಾಗಿ ಕಳಿತ ತಿಪ್ಪೆ ಗೊಬ್ಬರಕ್ಕೆ ಬೆರೆಸಿ, ಬೇವಿನ ಹಿಂಡಿ ಸಿಕ್ಕರೆ ಸ್ವಲ್ಪ ಸೇರಿಸಿ, ನೆರಳಿನಲ್ಲಿ ಗುಡ್ಡೆ ಹಾಕಿ, ಕೈಯಲ್ಲಿ ಹಿಡಿದರೆ ಉಂಡೆಯಾಗುವಷ್ಟು ತೇವ ಇಟ್ಟು ಗೋಣಿಚೀಲ ಮುಚ್ಚಿ. ಮೂರು ನಾಲ್ಕು ದಿನಕ್ಕೊಮ್ಮೆ ತಿರುವಿ ಹಾಕಿ. ಹದಿನೈದು ದಿನಗಳಲ್ಲಿ ಗುಡ್ಡೆಯಲ್ಲಿ ಹಸಿರು ಬೂಷ್ಟು ಹಬ್ಬುತ್ತದೆ. ಅದನ್ನು ಬಿತ್ತನೆಯ ಸಾಲಿಗೆ, ನೆಲ ಹಸಿಯಿರುವಾಗ ಕೊಡಿ. ಬೀಜಕ್ಕೆ ಕೆ.ಜಿ.ಗೆ 4 ಗ್ರಾಂ ಸಾಕು, ಬೆಲ್ಲದ ನೀರಿನಲ್ಲಿ ಅಂಟಿಸಿ ನೆರಳಲ್ಲಿ ಆರಿಸಿ.

ಕೊಳ್ಳುವಾಗ ಪೊಟ್ಟಣದ ಮೇಲಿನ ತಯಾರಿಕೆಯ ದಿನಾಂಕ ನೋಡಿ. ಆರು ತಿಂಗಳು ದಾಟಿದ್ದನ್ನು ನಾನಾದರೆ ಕೊಳ್ಳುವುದಿಲ್ಲ. ತಗಡಿನ ಶೆಡ್ಡಿನಲ್ಲಿ ಬೇಸಿಗೆ ಕಳೆದ ಪೊಟ್ಟಣದಲ್ಲಿ ಜೀವ ಉಳಿದಿರುವ ಭರವಸೆ ಇಲ್ಲ. ಕೀಟನಾಶಕ ಕಾಯ್ದೆಯಡಿ ನೋಂದಣಿಯಾದ ಸಂಖ್ಯೆ ಪೊಟ್ಟಣದ ಮೇಲೆ ಇರಬೇಕು. ‘ಜೈವಿಕ’ ಎಂದು ದೊಡ್ಡದಾಗಿ ಬರೆದು ಒಳಗೇನಿದೆ ಎಂದು ಬರೆಯದ ಬಾಟಲಿಗಳನ್ನು ಎಷ್ಟು ಅಗ್ಗವಾದರೂ ಬಿಡಿ, ಅದರಲ್ಲಿ ರಾಸಾಯನಿಕವೇ ಬೆರೆತಿರಬಹುದು. ಅನ್ನದ ಮೇಲೆ ಪುಡಿ ಉದುರಿಸಿ ಹಸಿರು ಬೂಷ್ಟು ಬಂದರೆ ಒಳ್ಳೆಯ ಟ್ರೈಕೋಡರ್ಮಾ ಎಂದು ಕೆಲವರು ಹೇಳಿಕೊಡುತ್ತಾರೆ. ಏನೂ ಬರದಿದ್ದರೆ ಪುಡಿ ಸತ್ತಿದೆ ಎಂದು ಅನುಮಾನಿಸಬಹುದು. ಆದರೆ ಹಸಿರು ಬಂತೆಂದು ಪೂರ್ತಿ ನಂಬಬೇಡಿ, ಹಸಿರು ಬೂಷ್ಟು ಬೇರೆಯವೂ ಇವೆ.

ಇನ್ನು ನಿಮ್ಮ ತಂದೆಯವರ ಮಾತು. ನಿಮ್ಮ ಪತ್ರದಲ್ಲಿ ಬಂದ ಮೂರು ಅಭಿಪ್ರಾಯಗಳಲ್ಲಿ ತೊಗರಿಯ ಮಟ್ಟಿಗೆ ಸತ್ಯಕ್ಕೆ ಅತಿ ಹತ್ತಿರ ಇರುವುದು ಅದೇ. ಬೀದರ್‌ನಿಂದ ಹೈದರಾಬಾದ್‌ಗೆ ಹೋಗುವ ದಾರಿಯಲ್ಲಿ ಸಿಗುವ ಪಟಾನ್‌ಚೆರುವಿನ ಇಕ್ರಿಸ್ಯಾಟ್ ಎಂಬ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆಯಲ್ಲಿ ನಡೆದ ಪ್ರಯೋಗಗಳಲ್ಲೂ ಜೋಳದೊಡನೆ ಬೆಳೆದ ತೊಗರಿಯಲ್ಲಿ ಸೊರಗು ರೋಗ ಗಣನೀಯವಾಗಿ ಇಳಿದದ್ದು ಕಂಡಿತು. ಒಂದು ವರ್ಷ ತೊಗರಿ ಬಿಟ್ಟು ಜೋಳ ಬಿತ್ತಿದರೂ ಮುಂದಿನ ತೊಗರಿಗೆ ಅನುಕೂಲವಾಯಿತು. ಈ ಶಿಲೀಂಧ್ರಕ್ಕೆ ಜೋಳದ ಬೇರು ಆಹಾರವಲ್ಲ. ತೊಗರಿ ಬೇರಿನಿಂದ ತೊಗರಿ ಬೇರಿಗೆ ಹೋಗುವ ದಾರಿಯ ನಡುವೆ ಜೋಳದ ಬೇರಿನ ಬೇಲಿ ಬೀಳುತ್ತದೆ. ಆರು ವರ್ಷ ಒಂದೇ ಬೆಳೆ ಹಾಕಿದ ನಿಮ್ಮ ಹೊಲದಲ್ಲಿ ಪ್ರತಿ ವರ್ಷವೂ ನೀವು ಶಿಲೀಂಧ್ರಕ್ಕೆ ಊಟ ಬಡಿಸಿದ್ದೀರಿ. ಇದನ್ನು ದೂಷಿಸಲು ಹೇಳುತ್ತಿಲ್ಲ. ತೊಗರಿಗೆ ಬೆಲೆ ಇದೆ, ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಗುರುತೂ ಸಿಕ್ಕಿತು. ಮನೆ ನಡೆಸುವವರು ಬೆಲೆ ಇರುವ ಬೆಳೆಯನ್ನೇ ಬಿತ್ತುತ್ತಾರೆ. ಆದರೆ ನಿಸರ್ಗದಲ್ಲಿ ಸಿಗುವ ಅತಿ ಬಲವಾದ ಶಿಲೀಂಧ್ರನಾಶಕ ಯಾವುದು ಎಂದು ನನ್ನನ್ನು ಕೇಳಿದರೆ, ತೊಗರಿಯ ಸೊರಗು ರೋಗಕ್ಕೆ ನಾನು ಯಾವ ಕಷಾಯದ ಹೆಸರನ್ನೂ ಹೇಳುವುದಿಲ್ಲ, ಜೋಳ ಎನ್ನುತ್ತೇನೆ.

ಅದಕ್ಕೂ ಅಪಾಯಗಳಿವೆ. ಎರಡು ಸಾಲು ಜೋಳಕ್ಕೆ ಒಂದು ಸಾಲು ತೊಗರಿ ಹಾಕಿದರೆ ತೊಗರಿಯ ಗಿಡಗಳು ಕಡಿಮೆಯಾಗುತ್ತವೆ, ಆ ವರ್ಷದ ಆದಾಯ ಇಳಿಯಬಹುದು. ಮುಂಗಾರಿ ಜೋಳದ ತೆನೆ ಮಳೆಗೆ ಸಿಕ್ಕಿದರೆ ಕಾಳು ಕಪ್ಪಾಗುತ್ತದೆ. ಕೊಯ್ಲಿಗೆ ಕೂಲಿ ಬೇಕು, ಹಕ್ಕಿ ಕಾಯಬೇಕು. ಕಣಿಕೆ ದನಗಳಿಗೆ ಆಗುತ್ತದೆ ಎಂಬುದು ಲಾಭದ ಕಡೆಗೆ. ಒಂದು ಎಚ್ಚರಿಕೆಯ ಮಾತು: ನಿಮ್ಮದು ಸೊರಗು ರೋಗವಾಗಿರದೆ ಒಣ ಬೇರು ಕೊಳೆಯಾಗಿದ್ದರೆ ಜೋಳದಿಂದ ಪ್ರಯೋಜನವಿಲ್ಲ. ಆ ಶಿಲೀಂಧ್ರ ಜೋಳದ ದಂಟಿನಲ್ಲೂ ಬದುಕುತ್ತದೆ. ಕಾಂಡ ಸೀಳಿ ನೋಡಿ ಎಂದು ನಾನು ಒತ್ತಿ ಹೇಳಿದ್ದು ಇದಕ್ಕೇ.

ನನ್ನ ಸಲಹೆ ಇದು. ಹೋದ ವರ್ಷ ಹಾಳಾದ ಎರಡು ಎಕರೆಗೆ ಈ ಸಲ ತೊಗರಿ ಬೇಡ. ಮುಂಗಾರಿನಲ್ಲಿ ಹೆಸರು ಬಿತ್ತಿ, ಹಿಂಗಾರಿಗೆ ಜೋಳ ಹಾಕಿ. ಸಾಧ್ಯವಾದರೆ ಮೂರು ವರ್ಷ ತೊಗರಿಯಿಂದ ದೂರ ಇಡಿ. ಕಡಲೆಗೆ ತನ್ನದೇ ಸೊರಗು ರೋಗ ಇರುವುದರಿಂದ ಜೋಳಕ್ಕೇ ನನ್ನ ಮೊದಲ ಮತ. ಉಳಿದ ಮೂರು ಎಕರೆಗೆ ತೊಗರಿ ಹಾಕಿ, ಆದರೆ ರೋಗ ತಡೆಯುವ ತಳಿಯನ್ನೇ ಆರಿಸಿ. ಇಕ್ರಿಸ್ಯಾಟ್‌ನ ಐಸಿಪಿ 8863 ಎಂಬ ತಳಿ 1986ರಲ್ಲಿ ‘ಮಾರುತಿ’ ಎಂಬ ಹೆಸರಿನಲ್ಲಿ ಕರ್ನಾಟಕಕ್ಕೆ ಬಿಡುಗಡೆಯಾದಾಗ ಸೊರಗು ರೋಗದ ಕಾಟಕ್ಕೆ ಈ ಭಾಗದಲ್ಲಿ ದೊಡ್ಡ ಉತ್ತರವಾಯಿತು. ನಿಮ್ಮ ತಂದೆಯವರಿಗೆ ನೆನಪಿರಬಹುದು. ಗಿಡ ಹೂ, ಕಾಯಿ ಬಿಡದಂತೆ ಮಾಡುವ ಗೊಡ್ಡು ರೋಗವನ್ನು ತಡೆಯುವ ಶಕ್ತಿ ಅದಕ್ಕೆ ಇರಲಿಲ್ಲ ಎಂಬುದು ಅದರ ಕೊರತೆ. ಈಗ ಟಿಎಸ್-3ಆರ್, ಜಿಆರ್‌ಜಿ-811ರಂಥ ತಳಿಗಳಿವೆ. ತಡೆಯುವ ಗುಣ ಎಂದರೆ ಒಂದು ಗಿಡವೂ ಸಾಯುವುದಿಲ್ಲ ಎಂಬ ಅರ್ಥವಲ್ಲ. ನೀರು ನಿಂತರೆ, ಮಣ್ಣಿನಲ್ಲಿ ರೋಗ ತುಂಬಿ ತುಳುಕುತ್ತಿದ್ದರೆ ಅವೂ ಸೋಲುತ್ತವೆ. ಸೊರಗು ರೋಗ ತಡೆಯುವ ತಳಿ ಫೈಟೊಫ್ತೊರಾವನ್ನು ತಡೆಯಬೇಕೆಂದೂ ಇಲ್ಲ. ತಗ್ಗಿನ ಜಾಗವಿದ್ದರೆ ಏರು ಸಾಲು ಮಾಡಿ ಬಿತ್ತಿ, ನೀರು ಹರಿದುಹೋಗಲು ಕಾಲುವೆ ತೆಗೆಯಿರಿ.

ಈಗ ಕಟಾವಿಗೆ ಯಂತ್ರ ಬಂದ ಮೇಲೆ ಬೇರು, ಕೂಳೆ ಎಲ್ಲ ಹೊಲದಲ್ಲೇ ಉಳಿಯುತ್ತಿದೆ. ರೋಗದ ಮನೆಯೇ ಅದು. ಹಾಳಾದ ಎರಡು ಎಕರೆಯ ಕೂಳೆಯನ್ನು ಬೇರು ಸಹಿತ ಕಿತ್ತು ಹೊರಗೆ ಹಾಕಿಸಿ. ಕೂಲಿಯ ಖರ್ಚು ಕಣ್ಣಿಗೆ ಹೊಡೆಯುತ್ತದೆ ಎಂದು ಗೊತ್ತು. ಆದರೂ ನಾಲ್ಕು ಸಲದ ಕಷಾಯಕ್ಕೆ ನೀವು ಸುರಿದ ದುಡಿಮೆಯನ್ನು ಇಲ್ಲಿ ಹಾಕಿದ್ದರೆ ಅದು ಫಲ ಕೊಡುತ್ತಿತ್ತು. ಆಮೇಲೆ ಮಾಗಿ ಉಳುಮೆ ಆಳವಾಗಿ ಮಾಡಿಸಿ ಬಿಸಿಲಿಗೆ ಬಿಡಿ. ನಮ್ಮ ಬಿಸಿಲನ್ನು ಬೈಯುತ್ತಲೇ ಇರುತ್ತೇವೆ, ಮಣ್ಣಿನ ರೋಗಕ್ಕೆ ಅದು ಪುಕ್ಕಟೆ ಚಿಕಿತ್ಸೆ.

ಬೀಜಕ್ಕೆ ರಾಸಾಯನಿಕ ಹಚ್ಚಲೇಬಾರದೇ ಎಂದು ನೀವು ಕೇಳಬಹುದು. ನಾನು ಹಟ ಹಿಡಿಯುವವನಲ್ಲ. ತಗ್ಗು ಹೊಲದಲ್ಲಿ ಪ್ರತಿ ವರ್ಷ ಫೈಟೊಫ್ತೊರಾ ಕಾಡುತ್ತಿದ್ದರೆ ಮೆಟಲಾಕ್ಸಿಲ್ ಎಂಬ ರಾಸಾಯನಿಕದಿಂದ ಬೀಜೋಪಚಾರ ಮಾಡುವುದಕ್ಕೆ ಬೇರೆ ಸಮಾನ ದಾರಿ ನನಗೆ ಕಂಡಿಲ್ಲ. ಎಕರೆಗೆ ನಾಲ್ಕೈದು ಕೆ.ಜಿ. ಬೀಜಕ್ಕೆ ಹಚ್ಚುವ ಔಷಧಿ, ಇಡೀ ಹೊಲಕ್ಕೆ ಹೊಡೆಯುವುದಕ್ಕಿಂತ ಎಷ್ಟೋ ಕಡಿಮೆ. ಆದರೆ ಬೀಜಕ್ಕೆ ಕಾರ್ಬೆಂಡಜಿಂ ಹಚ್ಚಿದವರು ಅದೇ ಬೀಜಕ್ಕೆ ಟ್ರೈಕೋಡರ್ಮಾ ಹಚ್ಚಬಾರದು. ಅಂಥವರು ಟ್ರೈಕೋಡರ್ಮಾವನ್ನು ಗೊಬ್ಬರದ ಮೂಲಕ ಮಣ್ಣಿಗೆ ಕೊಡಲಿ.

ನೈಸರ್ಗಿಕ, ರಾಸಾಯನಿಕ ಎಂದು ನಾವು ಎಳೆಯುವ ಗೆರೆ ಅಷ್ಟು ಸ್ಪಷ್ಟವಾಗಿಲ್ಲ. ಇಂದು ಅಂಗಡಿಯಲ್ಲಿ ಸಿಗುವ ಅಜಾಕ್ಸಿಸ್ಟ್ರೋಬಿನ್ ಎಂಬ ಶಿಲೀಂಧ್ರನಾಶಕದ ಮೂಲ, ಯುರೋಪಿನ ಕಾಡುಗಳಲ್ಲಿ ಪೈನ್ ಮರದ ಕಾಯಿಗಳ ಮೇಲೆ ಬೆಳೆಯುವ ಪುಟ್ಟ ಅಣಬೆ. ಆ ಅಣಬೆ ತನ್ನ ಜಾಗಕ್ಕೆ ಬೇರೆ ಶಿಲೀಂಧ್ರಗಳು ಬಾರದಂತೆ ಸ್ರವಿಸುವ ವಸ್ತುವನ್ನು 1977ರಲ್ಲಿ ವಿಜ್ಞಾನಿಗಳು ಬೇರ್ಪಡಿಸಿದರು. ಅದು ಬಿಸಿಲಿಗೆ ಬೇಗ ಒಡೆದುಹೋಗುತ್ತಿತ್ತು. ಬಿಸಿಲು ತಾಳುವಂತೆ ರಚನೆ ಬದಲಿಸಿದ ಮೇಲೆ 1996ರ ಹೊತ್ತಿಗೆ ಮಾರುಕಟ್ಟೆಗೆ ಬಂತು. ನಿಮ್ಮ ಕಷಾಯಗಳ ಬಲವೂ ದೌರ್ಬಲ್ಯವೂ ಇದರಲ್ಲೇ ಇದೆ: ನಿಸರ್ಗದ ವಸ್ತುಗಳು ಬೇಗ ಒಡೆಯುತ್ತವೆ. ಮಕ್ಕಳಿರುವ ಮನೆಗೆ ಅದು ಒಳ್ಳೆಯದು. ಆದರೆ ಅದಕ್ಕಾಗಿಯೇ ಮತ್ತೆ ಮತ್ತೆ, ಸರಿಯಾದ ಹೊತ್ತಿಗೆ ಹೊಡೆಯಬೇಕಾಗುತ್ತದೆ.

ಇನ್ನೊಂದು ವಿಷಯ ಮಕ್ಕಳ ಮಾತು ಬಂದದ್ದರಿಂದ ಹೇಳುತ್ತೇನೆ. ನೈಸರ್ಗಿಕ ಎಂದಮಾತ್ರಕ್ಕೆ ನಿರಪಾಯ ಎಂದುಕೊಳ್ಳಬೇಡಿ. ಹಲವು ಎಲೆಗಳ ಕಷಾಯಕ್ಕೆ ದತ್ತೂರಿ, ಎಕ್ಕ ಹಾಕುತ್ತಾರೆ, ಕೆಲವರು ತಂಬಾಕು ಸೇರಿಸುತ್ತಾರೆ. ತಂಬಾಕಿನ ನಿಕೋಟಿನ್ ಚರ್ಮದಿಂದಲೇ ಮೈಯೊಳಗೆ ಇಳಿಯುವ ವಿಷ, ಅದೂ ಕೀಟಕ್ಕೇ ಹೊರತು ಶಿಲೀಂಧ್ರಕ್ಕೆ ಅದರಿಂದ ಪ್ರಯೋಜನವಿಲ್ಲ. ಎರಡು ದಿನಕ್ಕೊಮ್ಮೆ ಸೌತೆ ಕೀಳುವ ಹೊಲಕ್ಕೆ ಇಂಥವನ್ನು ತರಬೇಡಿ. ಕುಡಿಯುವ ನೀರಿನ ಬಾಟಲಿಯಲ್ಲಿ ಯಾವ ಕಷಾಯವನ್ನೂ ತುಂಬಿಡಬೇಡಿ.

ತರಕಾರಿ ಹೊಲದ ಮಟ್ಟಿಗೆ ನಿಮಗೆ ಒಳ್ಳೆಯ ಆಯ್ಕೆಗಳಿವೆ. ಸೌತೆಗೆ ಒಂದು ಲೀಟರ್ ಮಜ್ಜಿಗೆಗೆ ಒಂಬತ್ತು ಲೀಟರ್ ನೀರು ಸೇರಿಸಿ ವಾರಕ್ಕೊಮ್ಮೆ, ಬಿಳಿ ಚುಕ್ಕೆ ಮೊದಲು ಕಂಡ ದಿನದಿಂದಲೇ ಹೊಡೆಯಿರಿ. ಬೆಣ್ಣೆ ಪೂರ್ತಿ ತೆಗೆದಿರಬೇಕು, ಜಿಡ್ಡು ಉಳಿದರೆ ಎಲೆಯ ಮೇಲೆ ಕಪ್ಪು ಬೂಷ್ಟು ಹತ್ತುತ್ತದೆ, ಪಂಪಿನ ಮೂತಿಯೂ ಕಟ್ಟಿಕೊಳ್ಳುತ್ತದೆ. ಅಡುಗೆ ಸೋಡಾವನ್ನು ಲೀಟರ್‌ಗೆ 5 ಗ್ರಾಂನಂತೆ ಹೊಡೆದರೂ ಇದೇ ರೋಗ ತಗ್ಗುತ್ತದೆ, ಆದರೆ ಅದರಲ್ಲಿರುವ ಸೋಡಿಯಂ ಮೊದಲೇ ಕ್ಷಾರವಾದ ನಮ್ಮ ಮಣ್ಣಿಗೆ ಹೊರೆ. ಹೊಲಕ್ಕೆ ನಾನು ಹೇಳುವುದಿಲ್ಲ, ಹಿತ್ತಲ ನಾಲ್ಕು ಬಳ್ಳಿಗೆ ಸರಿ. ಬೇವಿನ ಎಣ್ಣೆ ಲೀಟರ್‌ಗೆ 3ರಿಂದ 5 ಮಿ.ಲೀ., ಸ್ವಲ್ಪ ಸಾಬೂನಿನೊಡನೆ. ಬಾಟಲಿಯ ಮೇಲೆ ದೊಡ್ಡದಾಗಿ ಬರೆದಿರುವ, ಬೇವಿನಲ್ಲಿರುವ ಅಜಾಡಿರಾಕ್ಟಿನ್ ಎಂಬ ವಸ್ತುವಿನ ಪ್ರಮಾಣ ಹುಳಗಳಿಗೆ ಸಂಬಂಧಿಸಿದ್ದು. ಶಿಲೀಂಧ್ರದ ಮೇಲೆ ಕೆಲಸ ಮಾಡುವುದು ಮುಖ್ಯವಾಗಿ ಎಣ್ಣೆಯ ಪದರ.

ಮೆಣಸಿನಕಾಯಿಗೆ ಗಂಧಕವನ್ನು ನೋಡಿ. ಭೂಮಿಯಿಂದ ಸಿಗುವ ಈ ಹಳೆಯ ವಸ್ತುವಿಗೆ ಸಾವಯವ ಬೇಸಾಯದಲ್ಲೂ ಅವಕಾಶ ಇದೆ. ನೀರಿನಲ್ಲಿ ಕರಗುವ ಗಂಧಕ ಲೀಟರ್‌ಗೆ 2ರಿಂದ 3 ಗ್ರಾಂ, ಎಲೆಯ ಅಡಿಭಾಗ ಒದ್ದೆಯಾಗುವಂತೆ, ರೋಗ ಬರುವ ಮೊದಲು ಅಥವಾ ಒಂದೆರಡು ಎಲೆಯಲ್ಲಿ ಕಂಡ ಕೂಡಲೇ. ಶಿಲೀಂಧ್ರ ಒಳಗೆ ಇಳಿದ ಮೇಲೆ ಗಂಧಕವೂ ಸೋಲುತ್ತದೆ. ಬಿಸಿಲು 32 ಡಿಗ್ರಿ ದಾಟಿದ ದಿನ ಹೊಡೆದರೆ ಎಲೆ ಸುಡುತ್ತದೆ. ಬೇವಿನ ಎಣ್ಣೆ ಹೊಡೆದು ಎರಡು ಮೂರು ವಾರ ಆಗುವವರೆಗೆ ಗಂಧಕ ಬೇಡ, ಎರಡೂ ಸೇರಿದರೆ ಸುಡುವುದು ಇನ್ನೂ ಹೆಚ್ಚು. ಅಫಜಲಪುರದ ಕಡೆಯ ಒಬ್ಬ ರೈತರು ಮಧ್ಯಾಹ್ನ ಎರಡನ್ನೂ ಒಟ್ಟಿಗೆ ಹೊಡೆದು ಅರ್ಧ ಎಕರೆ ಮೆಣಸಿನ ಎಲೆಗಳ ಅಂಚು ಸುಟ್ಟು ತಂದು ತೋರಿಸಿದ್ದರು. ಗೋಮೂತ್ರವೂ ಹಾಗೆಯೇ, ಹತ್ತು ಪಟ್ಟು ನೀರು ಬೆರೆಸದೆ ಹೊಡೆದರೆ ಅದರ ಉಪ್ಪು ಎಲೆಯನ್ನು ಸುಡುತ್ತದೆ.

ಮಲೆನಾಡಿನಲ್ಲಿ ಅಡಿಕೆಯ ಕೊಳೆ ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ಬಗ್ಗೆಯೂ ಕೆಲವರು ನಿಮಗೆ ಹೇಳಿರಬಹುದು. ಮೈಲುತುತ್ತ ಮತ್ತು ಸುಣ್ಣದ ಆ ಮಿಶ್ರಣ ಎಲೆ ಚುಕ್ಕೆ, ಕಾಯಿ ಕೊಳೆಗಳಿಗೆ ಒಳ್ಳೆಯದು, ಬೂದಿ ರೋಗಕ್ಕೆ ಅಷ್ಟಕ್ಕಷ್ಟೇ. ತಾಮ್ರ ಮಣ್ಣಿನಲ್ಲಿ ಒಡೆಯದೆ ಉಳಿಯುತ್ತದೆ ಎಂಬುದನ್ನು ಮರೆಯಬೇಡಿ. ಹಾಗಾಗಿ ಅಗತ್ಯ ಬಿದ್ದಾಗ ಮಾತ್ರ.

ಗೊಬ್ಬರದ ಗುಡ್ಡೆಗೆ ಹದಿನೈದು ದಿನ ಬೇಕು. ಮೃಗಶಿರಾ ಮಳೆಗೆ ಬಿತ್ತುವುದಾದರೆ ರೋಹಿಣಿ ಹುಟ್ಟುವ ಹೊತ್ತಿಗೆ ಗುಡ್ಡೆ ಹಾಕಿರಬೇಕು. ಮೂರು ಎಕರೆಯಲ್ಲಿ ಒಂದು ಎಕರೆಗೆ ಜೋಳದ ಸಾಲು ಹಾಕಿ, ಎರಡಕ್ಕೆ ಬರೀ ತೊಗರಿ ಇಟ್ಟು ನೀವೇ ಹೋಲಿಸಿ ನೋಡಿ. ಆಗಸ್ಟ್‌ನಿಂದಲೇ ವಾರಕ್ಕೊಮ್ಮೆ ಸಾಲು ಸುತ್ತಿ, ಬಾಡಿದ ಗಿಡ ಕಂಡರೆ ಬೇರು ಸಹಿತ ಕೀಳಿ, ಅದು ನಿಂತಿದ್ದ ಜಾಗ ತಗ್ಗೋ ಏರೋ ಎಂದು ಒಂದು ಚೀಟಿಯಲ್ಲಿ ಬರೆಯಿರಿ. ಗಿಡವನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ ಮರುದಿನವೇ ಕಲಬುರಗಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ತಲುಪಿಸಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದರೆ ದಾರಿಯಲ್ಲೇ ಬೆವತು ಕೊಳೆಯುತ್ತದೆ, ಆಗ ಮೊದಲಿದ್ದ ರೋಗ ಯಾವುದು, ಆಮೇಲೆ ಹತ್ತಿದ್ದು ಯಾವುದು ಎಂದು ನೋಡುವವರಿಗೂ ತಿಳಿಯುವುದಿಲ್ಲ.